ಕಲ್ಲಿಗೆ ಕಾವಲಿದೆ, ಕಲೆಗೆ?

ಜನವರಿ 26 ಎಂದರೆ ನಮಗೆ ಧ್ವಜಾರೋಹಣ, ಪರೇಡ್, ಕೈಗೊಂದು ಲಾಡು. ಅದೇ ದಿನ ಜಪಾನಿನಲ್ಲಿ ಹಳೆಯ ಗುಡಿಗಳ ಮುಂದೆ ಅಗ್ನಿಶಾಮಕ ವಾಹನಗಳು ಬಂದು ನಿಲ್ಲುತ್ತವೆ. ಸಿಬ್ಬಂದಿ ಪೈಪು ಬಿಚ್ಚಿ, ಮರದ ಕಟ್ಟಡಗಳ ಸುತ್ತ ನೀರು ಹಾರಿಸುತ್ತಾರೆ. ಎಲ್ಲಿಯೂ ಬೆಂಕಿ ಬಿದ್ದಿರುವುದಿಲ್ಲ. ಬಿದ್ದರೆ ಏನು ಮಾಡಬೇಕು ಎಂಬುದರ ತಾಲೀಮು ಅದು.

ಇದರ ಹಿಂದೆ ಒಂದು ದೊಡ್ಡ ನಷ್ಟದ ಕಥೆಯಿದೆ. ನಾರಾ ಪ್ರಾಂತ್ಯದಲ್ಲಿ ಹೊರ್ಯೂಜಿ ಎಂಬ ಬೌದ್ಧ ದೇವಾಲಯವಿದೆ. ಜಗತ್ತಿನಲ್ಲಿ ಇಂದಿಗೂ ನಿಂತಿರುವ ಅತ್ಯಂತ ಹಳೆಯ ಮರದ ಕಟ್ಟಡಗಳಲ್ಲಿ ಅದೂ ಒಂದು. 1949ರ ಜನವರಿ 26ರಂದು ಅದರ ಮುಖ್ಯ ಮಂದಿರಕ್ಕೆ ಬೆಂಕಿ ಬಿದ್ದು, ಸಾವಿರಕ್ಕೂ ಹೆಚ್ಚು ವರ್ಷ ಉಳಿದಿದ್ದ ಗೋಡೆಚಿತ್ರಗಳು ಸುಟ್ಟು ಕರಕಲಾದವು. ಮಹಾಯುದ್ಧದಲ್ಲಿ ಸೋತು ಹೊಟ್ಟೆಗೂ ಪರದಾಡುತ್ತಿದ್ದ ದೇಶ ಅದು. ಆದರೂ ಮರುವರ್ಷವೇ, 1950ರಲ್ಲಿ, ಸಾಂಸ್ಕೃತಿಕ ಸ್ವತ್ತುಗಳ ಸಂರಕ್ಷಣೆಗೆ ಹೊಸ ಕಾನೂನು ಮಾಡಿತು.

ಆ ಕಾನೂನಿನಲ್ಲಿ ಒಂದು ವಿಶೇಷವಿತ್ತು. ಗುಡಿ, ಕೋಟೆ, ವಿಗ್ರಹಗಳ ಜೊತೆಗೆ ನಾಟಕ, ಸಂಗೀತ, ಕರಕುಶಲ ವಿದ್ಯೆಗಳನ್ನೂ ಅದು ದೇಶದ ಸ್ವತ್ತು ಎಂದು ಕರೆಯಿತು. ಕೈಯಲ್ಲಿ ಹಿಡಿಯಲು ಬಾರದ್ದು, ಬೀಗ ಹಾಕಿ ಇಡಲು ಬಾರದ್ದು ಕೂಡ ಸ್ವತ್ತೇ ಎಂದು ಒಪ್ಪಿಕೊಂಡಿತು. ಇದೇ ಮಾತನ್ನು ಯುನೆಸ್ಕೊ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿ ತಂದದ್ದು 2003ರಲ್ಲಿ, ಅಂದರೆ 53 ವರ್ಷಗಳ ನಂತರ. ಆಗ ಯುನೆಸ್ಕೊ ಮುಖ್ಯಸ್ಥರಾಗಿದ್ದವರು ಜಪಾನಿನವರೇ ಆದ ಕೊಯಿಚಿರೊ ಮತ್ಸುಉರಾ.

ನಮ್ಮ ಕಾಲೇಜುಗಳಲ್ಲಿ ಈಗ ಜಪಾನ್ ಎಂದರೆ ಅನಿಮೆ, ಬುಲೆಟ್ ರೈಲು, ಇಲ್ಲವೇ ಅಲ್ಲಿ ಕೆಲಸ ಸಿಗಲಿ ಎಂದು ಬರೆಯುವ ಭಾಷಾ ಪರೀಕ್ಷೆ. ಬಳ್ಳಾರಿಯಲ್ಲಿ ಕೂತು ಬಿಇ ಓದುತ್ತಿರುವ ನನಗೆ ಆ ದೇಶದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ ಎನಿಸುತ್ತದೆ. ನಮ್ಮ ಕಣ್ಣೆದುರಿಗೇ ಇರುವ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳನ್ನು ಇಟ್ಟುಕೊಂಡೇ ಅದನ್ನು ಹೇಳುತ್ತೇನೆ.

ನಮ್ಮ ಕಲ್ಲುಗಳು

ಮೊದಲು ಬಳ್ಳಾರಿ. ಊರ ನಡುವಿನ ಗುಡ್ಡದ ಮೇಲಿನ ಕೋಟೆಯನ್ನು ನೋಡದವರಿಲ್ಲ. ಮೇಲಿನ ಕೋಟೆ ಪಾಳೇಗಾರ ಹನುಮಪ್ಪ ನಾಯಕನದು, ಕೆಳಗಿನದು ಹೈದರ್ ಅಲಿಯ ಕಾಲದ್ದು. ಹೈದರನ ಕೋಟೆಯನ್ನು ಕಟ್ಟಿಸಿದವನು ಒಬ್ಬ ಫ್ರೆಂಚ್ ಎಂಜಿನಿಯರ್ ಎಂದೂ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ, ಅಲ್ಲಿಂದ ಶತ್ರು ಫಿರಂಗಿ ಹಾರಿಸಬಹುದು ಎಂದು ಆಮೇಲೆ ಗೊತ್ತಾಗಿ ಅವನನ್ನು ಗಲ್ಲಿಗೇರಿಸಿದರೆಂದೂ ಊರಲ್ಲಿ ಕಥೆ ಹೇಳುತ್ತಾರೆ. ಅದು ಐತಿಹ್ಯವೇ ಇರಬಹುದು. ಆದರೆ ಸರ್ವೆ ಸರಿಯಾಗಿ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಿವಿಲ್ ವಿಭಾಗದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ!

ಊರ ಹೊರಗೆ ಸಂಗನಕಲ್ಲು ಗುಡ್ಡಗಳಿವೆ. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಅಲೆದಾಡಿ ಶಿಲಾಯುಗದ ಕುರುಹುಗಳನ್ನು ಲೋಕಕ್ಕೆ ತೋರಿಸಿದರು. ನವಶಿಲಾಯುಗದಲ್ಲಿ ಇಲ್ಲಿನ ಹಿರೇಗುಡ್ಡ ಕಲ್ಲಿನ ಕೊಡಲಿಗಳ ಕಾರ್ಖಾನೆಯೇ ಆಗಿತ್ತು. ಪಕ್ಕದ ಕಪ್ಪಗಲ್ಲಿನ ಗುಡ್ಡದಲ್ಲಿ ದನ, ಮನುಷ್ಯರ ಕೆತ್ತನೆಗಳಿವೆ. ತಟ್ಟಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳೂ ಇವೆ. ಪುರಾತತ್ತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಈ ನಾದಶಿಲೆಗಳ ಬಗ್ಗೆ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದರು, ಕಲ್ಲು ಗಣಿಗಾರಿಕೆಯಿಂದ ಅವಕ್ಕೆ ಅಪಾಯವಿದೆ ಎಂದು ಎಚ್ಚರಿಸಿದರು. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನದೇ ಒಂದು ಪುರಾತತ್ತ್ವ ಸಂಗ್ರಹಾಲಯವಿದೆ.

ಸಿರುಗುಪ್ಪ ಎಂದರೆ ಭತ್ತದ ಗದ್ದೆ, ಅಕ್ಕಿ ಗಿರಣಿ ಎಂದಷ್ಟೇ ತಿಳಿದವರು ಹೆಚ್ಚು. ಅದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿ, ಗುಡ್ಡದ ಮೇಲೆ ಮನೆ ಕಟ್ಟಿಕೊಂಡು ಬದುಕಿದ್ದ ನವಶಿಲಾಯುಗದ ಜನರ ವಿವರಗಳನ್ನು ಹೊರತೆಗೆದರು. ಅದೇ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ದೇಶದಾದ್ಯಂತ ಇರುವ ಅಶೋಕನ ಶಾಸನಗಳಲ್ಲಿ 'ಅಶೋಕ' ಎಂಬ ಹೆಸರು ಬರುವುದು ಬೆರಳೆಣಿಕೆಯಷ್ಟು ಕಡೆ ಮಾತ್ರ. ಉಳಿದ ಕಡೆ ಅವನು 'ದೇವಾನಾಂಪ್ರಿಯ'. ಹೆಸರಿರುವ ಆ ಕೆಲವೇ ಜಾಗಗಳಲ್ಲಿ ನಿಟ್ಟೂರೂ ಇದೆ, ಉಡೇಗೋಳವೂ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನವಂತೂ ಪ್ರಸಿದ್ಧ. 1915ರಲ್ಲಿ ಅದನ್ನು ಕಂಡುಹಿಡಿದವರು ಚಿನ್ನ ಹುಡುಕಿಕೊಂಡು ಬಂದಿದ್ದ ಗಣಿ ಎಂಜಿನಿಯರ್ ಬೀಡನ್. ಅವರಿಗೆ ಸಿಕ್ಕಿದ್ದು ಚಿನ್ನಕ್ಕಿಂತ ದೊಡ್ಡದು.

ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಕಲ್ಯಾಣ ಚಾಲುಕ್ಯರ ಶೈಲಿಯ ಗುಡಿಗಳು ಅಲ್ಲಿ ಇಂದಿಗೂ ಇವೆ. ದೊಡ್ಡಬಸವೇಶ್ವರ ಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ, ಆಳೆತ್ತರವನ್ನೂ ಮೀರಿದ ಬಸವಣ್ಣ ಕೂತಿದ್ದಾನೆ.

ಇಂಥ ಕಲ್ಲುಗಳಿಗೆ ಕಾನೂನಿನ ಕಾವಲು ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರಷ್ಟು ಹಳೆಯದು. 2010ರ ತಿದ್ದುಪಡಿಯ ಪ್ರಕಾರ, ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಬೇಕಾದರೆ ಅನುಮತಿ ಬೇಕು. ಜಗತ್ತಿನ ಕಣ್ಣೂ ಇದೆ. 2021ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹತ್ತಿರದಲ್ಲೇ ಸೇತುವೆ ಕಟ್ಟಲು ಹೊರಟದ್ದಕ್ಕೆ 1999ರಲ್ಲಿ ಯುನೆಸ್ಕೊ ಅದನ್ನು 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಗೆ ಹಾಕಿತು. ಅಲ್ಲಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಕಾವಲು ಸಾಲದು ಎನ್ನಬಹುದು, ಆದರೆ ಕೇಳುವವರು ಇದ್ದಾರೆ.

ಉಸಿರಿರುವ ಪರಂಪರೆ

ಕಲ್ಲಿನ ಬಗ್ಗೆ ಇಷ್ಟು ಹೇಳಿದೆ. ಉಸಿರಿರುವುದರ ಕಥೆ ಬೇರೆ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅವರ ಹೆಸರು ಕೇಳಿರುತ್ತೀರಿ. ಓದು ಬರಹ ಬಾರದ ಬುರ್ರಕಥಾ ಕಲಾವಿದೆ. ಹನ್ನೆರಡು ಜನಪದ ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಅವರ ಹಾಡನ್ನು ಕೇಳಿ ದಾಖಲಿಸಿದರು. ಅವರು 2014ರಲ್ಲಿ ತೀರಿಕೊಂಡರು. ದಾಖಲಾಗಿದ್ದರಿಂದ ಕಥೆ ಉಳಿಯಿತು. ಆದರೆ ತಂಬೂರಿ ಹಿಡಿದು ರಾತ್ರಿಯೆಲ್ಲ ಜನರನ್ನು ಕೂರಿಸುವ ಆ ದನಿ?

ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ತೊಗಲುಗೊಂಬೆಗಳನ್ನು ದೇಶ ವಿದೇಶಗಳಿಗೆ ಕೊಂಡೊಯ್ದವರು. ರಾಮಾಯಣದ ಜೊತೆಗೆ ಗಾಂಧೀಜಿಯ ಕಥೆಯನ್ನೂ, ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಪರದೆಯ ಮೇಲೆ ತಂದವರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ನಮ್ಮನ್ನು ಅಗಲಿದರು. ಅದಕ್ಕೂ ಮೊದಲು, 2020ರಲ್ಲಿ, ರಂಗಗೀತೆಗಳ ದೊಡ್ಡ ಭಂಡಾರವೇ ಆಗಿದ್ದ ಸುಭದ್ರಮ್ಮ ಮನ್ಸೂರು ಹೋದರು. ಬಳ್ಳಾರಿ ರಾಘವರಂಥ ನಟನನ್ನು ಕೊಟ್ಟ ಊರಿದು. ಒಬ್ಬೊಬ್ಬರು ಹೋದಾಗಲೂ ನಾವು ಸ್ಟೇಟಸ್‌ನಲ್ಲಿ ಫೋಟೊ ಹಾಕಿ, ಕೈಮುಗಿದು, ಮರುದಿನ ತೆಗೆಯುತ್ತೇವೆ.

ಗೌರವ ಸಿಗುತ್ತಿಲ್ಲ ಎಂದು ಹೇಳಲಾಗದು. ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರು ಮನೆಯಿಂದ ಹೊರಬಿದ್ದು, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ತೃತೀಯಲಿಂಗಿ ಅವರು. 2021ರಲ್ಲಿ ಪದ್ಮಶ್ರೀ ಪಡೆದರು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ಪ್ರಶಸ್ತಿ ಬಂದದ್ದು ಸಂತೋಷ. ಆದರೆ 96ರ ವಯಸ್ಸಿನಲ್ಲಿ ಪ್ರಶಸ್ತಿ ಪಡೆದವರ ಪಕ್ಕದಲ್ಲಿ 20ರ ವಯಸ್ಸಿನ ಎಷ್ಟು ಮಂದಿ ಕೂತು ಕಲಿಯುತ್ತಿದ್ದಾರೆ ಎಂಬುದು ಮುಖ್ಯ ಪ್ರಶ್ನೆ.

ಪಿಂಚಣಿಗೂ ಪಾಠಕ್ಕೂ ಇರುವ ವ್ಯತ್ಯಾಸ

ಜಪಾನ್ ಈ ಪ್ರಶ್ನೆಯನ್ನು ಕಾನೂನಿನೊಳಗೇ ತಂದಿತು. 1954ರ ತಿದ್ದುಪಡಿಯ ನಂತರ, ಒಂದು ಕಲೆಯನ್ನು ಅತ್ಯುನ್ನತ ಮಟ್ಟದಲ್ಲಿ ಬಲ್ಲವರನ್ನು ಸರ್ಕಾರವೇ ಗುರುತಿಸುತ್ತದೆ. ಜನ ಅವರನ್ನು ಪ್ರೀತಿಯಿಂದ 'ಜೀವಂತ ರಾಷ್ಟ್ರೀಯ ನಿಧಿ' ಎನ್ನುತ್ತಾರೆ. ಕುಂಬಾರರು, ನೇಕಾರರು, ಕತ್ತಿ ಮಾಡುವವರು, ಕಾಗದ ಮಾಡುವವರು, ಗೊಂಬೆ ಆಡಿಸುವವರು ಆ ಸಾಲಿನಲ್ಲಿದ್ದಾರೆ. ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ. ಈ ಹಣ ಸನ್ಮಾನದ್ದೂ ಅಲ್ಲ, ಪಿಂಚಣಿಯೂ ಅಲ್ಲ. ತಮ್ಮ ವಿದ್ಯೆಯನ್ನು ಇನ್ನಷ್ಟು ಸಾಣೆ ಹಿಡಿಯಲು, ಮುಂದಿನವರಿಗೆ ಕಲಿಸಲು ಕೊಡುವ ಹಣ. ಹೇಗೆ ಖರ್ಚಾಯಿತು ಎಂದು ಲೆಕ್ಕವನ್ನೂ ಒಪ್ಪಿಸಬೇಕು.

ನಮ್ಮಲ್ಲೂ ಹಿರಿಯ ಕಲಾವಿದರಿಗೆ ಮಾಸಾಶನವಿದೆ. ಅದು ಔಷಧಿಗೆ, ರೇಷನ್ನಿಗೆ ಆಗುತ್ತದೆ; ಬೇಕೇ ಬೇಕು. ಆದರೆ ಅದು ಕಲಾವಿದನನ್ನು ಸಾಕುತ್ತದೆ, ಕಲೆಯನ್ನು ಸಾಕುವುದಿಲ್ಲ. ಕಲೆ ಉಳಿಯಬೇಕಾದರೆ ಎದುರಿಗೆ ಶಿಷ್ಯ ಕೂರಬೇಕು.

ಗೊಂಬೆಯಾಟದ ಉದಾಹರಣೆಯನ್ನೇ ನೋಡಿ. ಜಪಾನಿನ ಬುನ್ರಾಕು ಆಟದಲ್ಲಿ ಒಂದೇ ಗೊಂಬೆಯನ್ನು ಮೂವರು ಆಡಿಸುತ್ತಾರೆ: ಒಬ್ಬರು ತಲೆ ಮತ್ತು ಬಲಗೈ, ಇನ್ನೊಬ್ಬರು ಎಡಗೈ, ಮತ್ತೊಬ್ಬರು ಕಾಲು. ಕಾಲು ಕಲಿಯಲು ಹತ್ತು ವರ್ಷ, ಎಡಗೈ ಕಲಿಯಲು ಹತ್ತು ವರ್ಷ ಎಂಬ ಮಾತು ಅಲ್ಲಿದೆ. ಇಷ್ಟು ವರ್ಷ ಕಾಯುವವರು ಯಾರು? ಕಲಾವಿದರ ಮನೆತನಗಳಿಂದ ಮಾತ್ರ ಜನ ಬರುವುದು ಸಾಲದಾದಾಗ, 1972ರಲ್ಲಿ ಅಲ್ಲಿನ ರಾಷ್ಟ್ರೀಯ ರಂಗಮಂದಿರ ಸಾಮಾನ್ಯ ಮನೆಯ ಹುಡುಗರಿಗೂ ತರಬೇತಿ ಶುರು ಮಾಡಿತು. ಈಗ ಬುನ್ರಾಕು ಕಲಾವಿದರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ತರಬೇತಿಯಿಂದ ಬಂದವರು.

ನಮ್ಮ ತೊಗಲುಗೊಂಬೆಗೆ ಇದನ್ನು ಹೋಲಿಸಿ. ಆಡಿನ ತೊಗಲನ್ನು ಹದ ಮಾಡಿ, ಕೂದಲು ಹೆರೆದು, ಬೆಳಕು ತೂರುವಷ್ಟು ತೆಳುವಾಗಿಸಿ, ಗೊಂಬೆ ಕತ್ತರಿಸಿ, ಬಣ್ಣ ತುಂಬಿ, ರಂಧ್ರ ಕೊರೆದು, ಕೀಲು ಕಟ್ಟಬೇಕು. ಆಮೇಲೆ ಪರದೆಯ ಹಿಂದೆ ದೀಪವಿಟ್ಟು ಆಡಿಸಬೇಕು, ಹಾಡಬೇಕು, ಗಂಡಿನ ದನಿ ಹೆಣ್ಣಿನ ದನಿ ಎರಡೂ ತೆಗೆಯಬೇಕು, ನಡುನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಬಾಯಲ್ಲಿ ಊರಿನ ಸುದ್ದಿ ಹೇಳಿ ನಗಿಸಬೇಕು. ಚರ್ಮ ತಂತ್ರಜ್ಞಾನ, ಚಿತ್ರಕಲೆ, ಸಂಗೀತ, ನಟನೆ, ಇಷ್ಟೂ ಒಂದೇ ಮನೆಯೊಳಗೆ ನಡೆಯುವ ಕೋರ್ಸು ಅದು. ಆ ಮನೆಯ ಮಗ ಬೇರೆ ಕೆಲಸಕ್ಕೆ ಹೋದ ದಿನ ಕೋರ್ಸು ಮುಚ್ಚುತ್ತದೆ. ಹೊರಗಿನವರಿಗೆ ಪ್ರವೇಶದ ಬಾಗಿಲೇ ಇಲ್ಲ.

ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗುವ ಹಳೆಯ ಗುಡಿ

ನಮ್ಮ ಪಠ್ಯಗಳಲ್ಲಿ ಬಾಳಿಕೆ ಎಂದರೆ ಗಟ್ಟಿ ಕಾಂಕ್ರೀಟು, ತುಕ್ಕು ಹಿಡಿಯದ ಕಬ್ಬಿಣ. ಇಸೆ ಎಂಬ ಊರಿನ ಶಿಂಟೊ ದೇಗುಲದವರು ಬೇರೆಯೇ ದಾರಿ ಹಿಡಿದಿದ್ದಾರೆ. ಅವರು ಪ್ರತಿ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಅದೇ ಅಳತೆಯ ಹೊಸ ಮರದ ಗುಡಿಯನ್ನು ಕಟ್ಟಿ, ದೇವರನ್ನು ಅಲ್ಲಿಗೆ ಕರೆದೊಯ್ದು, ಹಳೆಯದನ್ನು ಬಿಚ್ಚುತ್ತಾರೆ. ಹಳೆಯ ಮರ ಬೇರೆ ಗುಡಿಗಳಿಗೆ ಹೋಗುತ್ತದೆ. ಈ ಪದ್ಧತಿ ಶುರುವಾದದ್ದು ಕ್ರಿ.ಶ. 690ರಲ್ಲಿ. ನಡುವೆ ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತು ಮತ್ತೆ ಶುರುವಾಯಿತು. 62ನೇ ಬಾರಿ ಕಟ್ಟಿದ್ದು 2013ರಲ್ಲಿ.

ಇದರಲ್ಲಿರುವ ಲೆಕ್ಕಾಚಾರ ನೋಡಿ. ಇಪ್ಪತ್ತರ ಹುಡುಗ ಮೊದಲ ಸಲ ಮರ ಹೊರುತ್ತಾನೆ, ಉಳಿ ಹಿಡಿಯುತ್ತಾನೆ. ನಲವತ್ತಕ್ಕೆ ತಾನೇ ಮುಂದೆ ನಿಂತು ಕಟ್ಟುತ್ತಾನೆ. ಅರವತ್ತಕ್ಕೆ ಬದಿಯಲ್ಲಿ ಕೂತು ಹೇಳಿಕೊಡುತ್ತಾನೆ. ಕಟ್ಟಡಕ್ಕೆ ಬರೀ 20 ವರ್ಷ ವಯಸ್ಸು, ಕಟ್ಟುವ ವಿದ್ಯೆಗೆ 1,300 ವರ್ಷ. ಕಟ್ಟಡದ ಜೊತೆಗೆ ಕಟ್ಟುವ ವಿದ್ಯೆಯೂ ಪರಂಪರೆ ಎಂಬ ಈ ದೃಷ್ಟಿಯನ್ನು 1994ರಲ್ಲಿ ನಾರಾದಲ್ಲಿ ಸೇರಿದ್ದ ತಜ್ಞರ ಸಭೆ ಜಗತ್ತಿನ ಮುಂದಿಟ್ಟಿತು. ಜಪಾನಿನ ಮರಗೆಲಸದ ಸಾಂಪ್ರದಾಯಿಕ ಕೌಶಲಗಳು 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಇಂಥದ್ದು ನಮ್ಮಲ್ಲಿ ಇಲ್ಲವೆಂದುಕೊಳ್ಳಬೇಡಿ. ಕ್ಯೋಟೊ ನಗರದ ಗಿಯೋನ್ ಹಬ್ಬದಲ್ಲಿ ಜುಲೈ ತಿಂಗಳು ದೊಡ್ಡ ತೇರುಗಳು ಹೊರಡುತ್ತವೆ. ದೊಡ್ಡವು 25 ಮೀಟರ್ ಎತ್ತರ, 12 ಟನ್ ತೂಕದಷ್ಟಿರುತ್ತವೆ. ಮೊಳೆ ಹೊಡೆಯದೆ, ಹಗ್ಗ ಬಿಗಿದೇ ಅವುಗಳ ಚೌಕಟ್ಟು ಕಟ್ಟುತ್ತಾರೆ. ರಸ್ತೆ ತಿರುವಿನಲ್ಲಿ ಗಾಲಿಯ ಕೆಳಗೆ ಸೀಳಿದ ಹಸಿ ಬಿದಿರು ಹಾಸಿ, ನೀರು ಸುರಿದು, ಹಗ್ಗ ಜಗ್ಗಿ ಪಕ್ಕಕ್ಕೆ ಜಾರಿಸುತ್ತಾರೆ. 2009ರಲ್ಲಿ ಇದು ಯುನೆಸ್ಕೊ ಪಟ್ಟಿ ಸೇರಿತು.

ಈಗ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಬನ್ನಿ. ಸಾವಿರಾರು ಜನ ಮಿಣಿ ಹಿಡಿದು ತೇರು ಜಗ್ಗುತ್ತಾರೆ. ಎಲ್ಲರ ಕಣ್ಣು ಕಳಸದ ಮೇಲೆ, ಎಸೆಯುವ ಬಾಳೆಹಣ್ಣು ಉತ್ತತ್ತಿಯ ಮೇಲೆ. ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ಬಗ್ಗಿ ನಡೆಯುವ ನಾಲ್ಕಾರು ಜನರನ್ನು ನೋಡುವವರು ಕಡಿಮೆ. ತೇರಿಗೆ ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ಎಡಗಾಲಿಗೆ ಯಾವಾಗ ತುಂಡು ಕೊಡಬೇಕು, ಬಲಗಾಲಿಗೆ ಯಾವಾಗ, ಎಷ್ಟು ಹೊತ್ತು ಇಟ್ಟು ಯಾವ ಕ್ಷಣಕ್ಕೆ ಎಳೆಯಬೇಕು ಎಂಬುದರ ಮೇಲೆ ಇಡೀ ತೇರು ನಿಂತಿದೆ. ಘರ್ಷಣೆ, ಭಾರಕೇಂದ್ರ, ಸಮತೋಲನ ಎಂದು ನಾವು ಸೂತ್ರ ಬರೆದು ಕಲಿಯುವುದನ್ನು ಅವರು ಕೈಯಲ್ಲೇ ಬಲ್ಲರು. ಒಂದು ಕ್ಷಣ ತಪ್ಪಿದರೆ ಜೀವ ಹೋಗುತ್ತದೆ. ಆದರೆ ಆ ವಿದ್ಯೆಗೆ ಸಿಲಬಸ್ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಸಿರುಗುಪ್ಪದಲ್ಲಿ ಇನ್ನೊಂದು ಹಳೆಯ ಉದಾಹರಣೆ ಹರಿಯುತ್ತಿದೆ. ವಿಜಯನಗರ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ ತೆಗೆದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳೂ ಸೇರಿವೆ. ದೊಡ್ಡ ಅಣೆಕಟ್ಟು ಬರುವುದಕ್ಕೆ ನೂರಾರು ವರ್ಷ ಮೊದಲಿನವು. ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಹಂಪಿಯ ಮಂಟಪಗಳನ್ನು ಟಿಕೆಟ್ ಕೊಟ್ಟು ನೋಡುತ್ತೇವೆ. ಅದೇ ಕಾಲದ ಕಾಲುವೆಯ ಅನ್ನವನ್ನು ಯೋಚಿಸದೇ ಉಣ್ಣುತ್ತೇವೆ. ಜನ ಹೂಳೆತ್ತಿ, ದಂಡೆ ಸರಿಪಡಿಸಿ ಬಳಸುತ್ತಾ ಬಂದಿದ್ದರಿಂದಲೇ ಅವು ಉಳಿದವು. ಬಳಕೆಗಿಂತ ದೊಡ್ಡ ಸಂರಕ್ಷಣೆ ಇನ್ನೊಂದಿಲ್ಲ.

ಕಾಲಿಂದ ಕಾಲಿಗೆ

ಕಳೆದ ಬೇಸಿಗೆ ರಜೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಯಲಾಟದ ತಾಲೀಮು ನೋಡುವ ಅವಕಾಶ ಸಿಕ್ಕಿತು. ರಾತ್ರಿ ಊಟವಾದ ಮೇಲೆ ಗುಡಿಯ ಮುಂದೆ ಸೇರಿದ್ದರು. ಒಬ್ಬರು ಟ್ರ್ಯಾಕ್ಟರ್ ಓಡಿಸುವವರು, ಒಬ್ಬರು ಗಿರಣಿಯಲ್ಲಿ ಹಮಾಲಿ, ಒಬ್ಬರು ಟೇಲರ್. ಪಾತ್ರಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಪಾತ್ರ ಮಾಡುವವರೇ ಕೈಯಿಂದ ಹಾಕಿ ವೇಷದ ಬಾಡಿಗೆ, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ ಕೊಡುತ್ತಾರೆ. ಎಪ್ಪತ್ತು ದಾಟಿದ ಮಾಸ್ತರರು ಪೇಟಿಯ ಮುಂದೆ ಕೂತು ತಾಳ ಹಾಕುತ್ತಾ ಹೆಜ್ಜೆ ತಿದ್ದುತ್ತಿದ್ದರು.

'ಮಾಸ್ತರ್ರೇ, ಇದನ್ನೆಲ್ಲಾ ಒಂದು ಪುಸ್ತಕ ಮಾಡಿದ್ರೆ ಉಳಿಯಲ್ವಾ?' ಎಂದು ಕೇಳಿದೆ.

'ಮಾತು ಬರದಿಡಬೌದು ತಮ್ಮಾ. ಹೆಜ್ಜಿ ಬರದಿಡಾಕ ಬರಾಂಗಿಲ್ಲ. ಅದು ಕಾಲಿಂದ ಕಾಲಿಗೇ ಹೋಗ್ಬೇಕು' ಎಂದರು.

'ಮೊಮ್ಮಕ್ಕಳು ಕಲಿತಾರಾ?'

'ಒಬ್ಬಾಂವ ಬೆಂಗಳೂರಾಗ ಅದಾನ, ಒಬ್ಬಾಂವ ಫ್ಯಾಕ್ಟರ್ಯಾಗ. ಆಟದ ದಿನಾ ಬರ್ತಾರಪ್ಪ. ತಾಲೀಮಿಗೆ ರಜಾ ಯಾರ್ ಕೊಡ್ತಾರ?'

ಅವರ ಮಾತಿನಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಮೊಮ್ಮಕ್ಕಳು ದುಡಿಯುತ್ತಿರುವುದು ಅವರಿಗೆ ಹೆಮ್ಮೆಯೇ. ತಾಲೀಮಿಗೆ ರಜೆ ಕೊಡುವವರು ಯಾರು ಎಂಬುದು ಮಾತ್ರ ನಿಜವಾದ ಪ್ರಶ್ನೆ. ಆಟಕ್ಕೆ ಒಂದು ರಾತ್ರಿ ಸಾಕು, ತಾಲೀಮಿಗೆ ಮೂರು ತಿಂಗಳು ಬೇಕು.

ಅವರಲ್ಲಿ ಇಲ್ಲದ್ದು ನಮ್ಮಲ್ಲಿದೆ

ಹಾಗಾದರೆ ಜಪಾನಿನಂಥ ಕಾನೂನು ತಂದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಇವಾತೆ ಎಂಬ ಪ್ರಾಂತ್ಯದಲ್ಲಿ ಕೊಕುಸೆಕಿಜಿ ಎಂಬ ದೇವಾಲಯವಿದೆ. ಅಲ್ಲಿ ಕೊರೆಯುವ ಚಳಿಯಲ್ಲಿ ಗಂಡಸರು ಅರೆಬೆತ್ತಲೆಯಾಗಿ ಸೇರಿ, ತಾಯಿತದ ಚೀಲಕ್ಕಾಗಿ ಸೆಣಸುವ ಸೊಮಿನ್‌ಸಾಯಿ ಎಂಬ ಉತ್ಸವವಿತ್ತು. ಸಾವಿರ ವರ್ಷಗಳಿಗೂ ಹೆಚ್ಚಿನ ಇತಿಹಾಸ ಅದರದು. 2024ರ ಫೆಬ್ರುವರಿಯಲ್ಲಿ ಅದು ಕೊನೆಯ ಬಾರಿಗೆ ನಡೆಯಿತು. ಯಾರೂ ನಿಷೇಧಿಸಲಿಲ್ಲ, ದುಡ್ಡಿಲ್ಲವೆಂದೂ ನಿಲ್ಲಿಸಲಿಲ್ಲ. ಊರಿನಲ್ಲಿ ಉಳಿದವರೆಲ್ಲ ಮುದುಕರಾದರು, ಭಾರ ಹೊರಲು ಹುಡುಗರೇ ಇಲ್ಲದಾದರು.

ನನ್ನ ವಾದ ಇಷ್ಟೇ. ಅವರ ಬಳಿ ಕಾನೂನಿದೆ, ಹಣವಿದೆ, ಹುಡುಗರು ಕಡಿಮೆಯಾಗುತ್ತಿದ್ದಾರೆ. ನಮ್ಮ ಬಳಿ ಕಾನೂನು, ಹಣ ಕಡಿಮೆ. ಹುಡುಗರು ಎಷ್ಟು ಬೇಕಾದರೂ ಇದ್ದಾರೆ. ಜಾತ್ರೆಯಲ್ಲಿ ಮಿಣಿ ಹಿಡಿಯಲು ಕುರುಗೋಡಿನಲ್ಲಿ ಇಂದಿಗೂ ನೂಕುನುಗ್ಗಲು. ಜಪಾನ್ ದುಡ್ಡು ಕೊಟ್ಟರೂ ಸಿಗದ ಆಸ್ತಿ ಇದು. ಇದನ್ನು ನಾವು ಇನ್ನೂ ಆಸ್ತಿ ಎಂದು ಎಣಿಸಿಲ್ಲ, ಅಷ್ಟೆ.

ನಾವೇನು ಮಾಡಬಹುದು?

'ಕೆಲಸ ಹುಡುಕುವುದು ಬಿಟ್ಟು ಗೊಂಬೆ ಆಡಿಸಲಾ?' ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಪ್ಲೇಸ್‌ಮೆಂಟಿನ ಚಿಂತೆ ನನಗೂ ಇದೆ. ಓದು ಬಿಡದೆ ಮಾಡಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಈಗಾಗಲೇ ಇರುವ ಬಾಗಿಲುಗಳನ್ನು ತಿಳಿದುಕೊಳ್ಳುವುದು. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ. ಜನಪದ ಕಲೆ, ಗೊಂಬೆಯಾಟಗಳೂ ಅದರಲ್ಲಿ ಸೇರಿವೆ. ಗುರುವಿನ ಬಳಿ ಕೆಲವು ವರ್ಷ ಕಲಿತಿರಬೇಕು ಎಂಬುದು ಷರತ್ತು. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದ ಗುರು-ಶಿಷ್ಯ ಯೋಜನೆಯಲ್ಲಿ ಕಲಿಸುವ ಗುರುವಿಗೂ ಕಲಿಯುವ ಶಿಷ್ಯರಿಗೂ ಗೌರವಧನವಿದೆ. ಹಳ್ಳಿಯ ಮಾಸ್ತರರಿಗೆ ಈ ಅರ್ಜಿಗಳು ತಲುಪುವುದೇ ಇಲ್ಲ. ಆನ್‌ಲೈನ್ ಅರ್ಜಿ ತುಂಬುವುದರಲ್ಲಿ ನಮ್ಮಷ್ಟು ಪಳಗಿದವರು ಯಾರಿದ್ದಾರೆ? ಸ್ಕಾಲರ್‌ಶಿಪ್, ಪರೀಕ್ಷೆ, ಉದ್ಯೋಗ ಎಂದು ವರ್ಷಕ್ಕೆ ಹತ್ತು ಅರ್ಜಿ ತುಂಬುವ ನಾವು ಒಂದನ್ನು ಅವರಿಗಾಗಿ ತುಂಬಬಹುದು.

ಎರಡನೆಯದು, ದಾಖಲೆ. ಒಂದು ಗುಂಪು ಒಬ್ಬ ಕಲಾವಿದರನ್ನು ಆಯ್ದುಕೊಳ್ಳಲಿ. ಅವರ ಒಪ್ಪಿಗೆ ಪಡೆದು ಧ್ವನಿ, ವಿಡಿಯೊ ಮಾಡಿಕೊಳ್ಳಲಿ. ಹೆಸರು, ಊರು, ಗುರುವಿನ ಹೆಸರು, ಪ್ರಸಂಗದ ಹೆಸರು ಬರೆದಿಡಲಿ. ಆಟವನ್ನಷ್ಟೇ ಅಲ್ಲ, ತಾಲೀಮನ್ನೂ ಚಿತ್ರಿಸಬೇಕು. ಹೆಜ್ಜೆ ತಿದ್ದುವುದು ಅಲ್ಲಿಯೇ. ಒಂದು ಪ್ರತಿ ಕಲಾವಿದರ ಮನೆಗೆ ಕೊಡಬೇಕು, ಅದು ಅವರ ಸ್ವತ್ತು. ದಾಖಲೆಯಿಂದ ಕಲೆ ಬದುಕುವುದಿಲ್ಲ ನಿಜ, ಆದರೆ ಮುಂದೆ ಕಲಿಯಬೇಕೆನ್ನುವವನಿಗೆ ಒಂದು ದಾರಿ ಉಳಿಯುತ್ತದೆ.

ಮೂರನೆಯದು, ನಮ್ಮ ವಿದ್ಯೆ. ಒಂದರ ಮೇಲೊಂದು ಮುಕ್ಕಾಲು ಭಾಗ ಹೊಂದುವಂತೆ ಸುತ್ತಲೂ ಫೋಟೊ ತೆಗೆದರೆ, ಬರೀ ಮೊಬೈಲಿನಿಂದ ಒಂದು ಕೆತ್ತನೆಯ ಮೂರು ಆಯಾಮದ ಮಾದರಿ ಮಾಡಬಹುದು. ಕಪ್ಪಗಲ್ಲಿನ ಒಂದು ಬಂಡೆ, ಕುರುಗೋಡಿನ ಒಂದು ಕಂಬ, ತೇರಿನ ಗಾಲಿಯ ಜೋಡಣೆ ಅಂತಿಮ ವರ್ಷದ ಪ್ರಾಜೆಕ್ಟ್ ಆಗಬಾರದೇಕೆ? ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ತರುವುದಕ್ಕಿಂತ ಸಂದರ್ಶನದಲ್ಲಿ ಇದರ ಬಗ್ಗೆ ಮಾತಾಡುವುದು ಸುಲಭ, ಏಕೆಂದರೆ ಅದು ನಾವೇ ಮಾಡಿದ್ದು.

ನಾಲ್ಕನೆಯದು ಎಲ್ಲಕ್ಕಿಂತ ಸರಳ. ಕಾಲೇಜು ಹಬ್ಬದಲ್ಲಿ ಡಿಜೆಗೆ ಕೊಡುವ ಹಣದ ಒಂದು ಪಾಲನ್ನು ತೊಗಲುಗೊಂಬೆಯವರಿಗೆ, ಬಯಲಾಟದವರಿಗೆ ಕೊಟ್ಟು ಕರೆಸೋಣ. ಹಾರ ಶಾಲು ಹಾಕಿ ಕಳಿಸುವುದು ಬೇಡ, ಸಂಭಾವನೆ ಕೊಡೋಣ. ಆಮೇಲೆ ಪರದೆಯ ಹಿಂದಕ್ಕೆ ಹೋಗಿ ಗೊಂಬೆಯನ್ನು ಕೈಗೆ ತೆಗೆದುಕೊಂಡು ನೋಡೋಣ. ನೂರು ಜನ ನೋಡಿದರೆ ಒಬ್ಬನಿಗಾದರೂ ಕಲಿಯುವ ಆಸೆ ಹುಟ್ಟುತ್ತದೆ. ಒಂದು ಕಲೆಗೆ ಮುಂದಿನ ಐವತ್ತು ವರ್ಷ ಸಿಗಲು ಒಬ್ಬ ಸಾಕು.

ಇಸೆಯ ಗುಡಿ 63ನೇ ಬಾರಿ ಹೊಸದಾಗುವುದು 2033ರಲ್ಲಿ. ಅದರ ಸಿದ್ಧತೆಯ ವಿಧಿಗಳು 2025ರಲ್ಲೇ, ಎಂಟು ವರ್ಷ ಮುಂಚೆಯೇ ಶುರುವಾಗಿವೆ. ಆ ಹೊತ್ತಿಗೆ ನಮ್ಮಲ್ಲಿ ಹಲವರು ಮೂವತ್ತರ ಹತ್ತಿರ ಇರುತ್ತೇವೆ. ಎಲ್ಲೋ ಕೆಲಸ, ಎಲ್ಲೋ ಮನೆ. 2033ರ ಜಾತ್ರೆಗೂ ಕುರುಗೋಡಿನ ತೇರು ಹೊರಡುತ್ತದೆ, ಮಿಣಿ ಜಗ್ಗಲು ಜನವೂ ಬರುತ್ತಾರೆ. ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ಬಗ್ಗಿ ನಡೆಯುವವರ ಹಿಂದೆ ಒಬ್ಬ ಹುಡುಗ ಈ ವರ್ಷದಿಂದಲೇ ನಡೆದರೆ, ಅಂದು ತೇರು ನೆಟ್ಟಗೆ ತಿರುಗುತ್ತದೆ.